ಬಂದು ಹೋಗುವ ಕಾಯಿಲೆಯ ಕಾರಿಗೊಂದು ಕೈಪಿಡಿ

ಈ ಕೈಪಿಡಿ ಬಾಗಲೂರು, ಹೊಸೂರು, ಸರ್ಜಾಪುರದ ನಡುವೆ ಓಡಾಡುವ ಪೆಟ್ರೋಲ್ ಕಾರುಗಳಿಗೆ. ನಂಬರ್ ಪ್ಲೇಟು ಟಿಎನ್ 70 ಇರಲಿ, ಕೆಎ 51 ಇರಲಿ, ಕಾಯಿಲೆ ಒಂದೇ.

ಮೊದಲು ಕಾರನ್ನು ಗ್ಯಾರೇಜಿಗೆ ಒಯ್ಯಿರಿ. ಅಲ್ಲಿ ಅದು ಮಾವನ ಮನೆಗೆ ಬಂದ ಹೊಸ ಅಳಿಯನಷ್ಟು ಸಂಭಾವಿತ. ಮೇಸ್ತ್ರಿ ಬಾನೆಟ್ ಎತ್ತಿ, ರೈಸ್ ಮಾಡಿ, "ಏನೂ ಇಲ್ವಲ್ಲ ಸಾರ್" ಅಂತಾರೆ. ವಾಪಸು ಹೊರಡಿ. ಬೆನ್ನಿಗೇ ಟೊಮೇಟೊ ಲಾರಿ ಬರುತ್ತಿರುವಾಗ ಕಾರು ನಿಲ್ಲುತ್ತದೆ.

ಈಗ ಸುತ್ತ ಜನ ಸೇರುತ್ತಾರೆ. ಒಬ್ಬರು ತಮಿಳಿನಲ್ಲಿ ಪೆಟ್ರೋಲಿಗೆ ನೀರು ಬೆರೆತಿದೆ ಅಂತಾರೆ, ಇನ್ನೊಬ್ಬರು ತೆಲುಗಿನಲ್ಲಿ ಬ್ಯಾಟರಿ ಅಂತಾರೆ, ನಮ್ಮವರು ದೃಷ್ಟಿಯಾಗಿದೆ, ನಿಂಬೆಹಣ್ಣು ಇಡಿ ಅಂತಾರೆ. ಯಾರಿಗೂ ಎದುರಾಡಬೇಡಿ. ತಳ್ಳೋದಕ್ಕೆ ಅವರೇ ಬೇಕು.

ಮುಂದೆ ಪಾರ್ಟು ಬದಲಿಸುವ ಕಾಂಡ. ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪು, ಕೊನೆಗೆ ಎಂಜಿನ್ನಿನ ಕಂಪ್ಯೂಟರಾದ ಇಸಿಎಂ. ಬೆಲೆ ಏರುವ ಕ್ರಮದಲ್ಲಿ. ಪ್ರತಿ ಸಲವೂ ಕಾರು ಕೆಲವು ದಿನ ಚೆನ್ನಾಗಿ ಓಡುತ್ತದೆ. ಬಿಚ್ಚಿ ಹಾಕುವಾಗ ಪಕ್ಕದ ಯಾವುದೋ ಕನೆಕ್ಟರ್ ಅಲುಗಿ ಗಟ್ಟಿಯಾಗಿ ಕೂತಿರುತ್ತದೆ, ಹೆಸರು ಮಾತ್ರ ಹೊಸ ಪಾರ್ಟಿಗೆ.

ಸ್ಕ್ಯಾನರ್ ಹಾಕಿಸಿದರೆ ಪಿ0335 ಎಂಬ ಕೋಡ್ ಬರಬಹುದು. ಕ್ರ್ಯಾಂಕ್ ಸೆನ್ಸಾರಿನ ಸರ್ಕ್ಯೂಟಿನಲ್ಲಿ ತೊಂದರೆ ಎಂದಷ್ಟೇ ಅದು ಹೇಳುವುದು. ಸೆನ್ಸಾರೇ ಕೆಟ್ಟಿರಬಹುದು, ವೈರನ್ನು ಇಲಿ ಕಡಿದಿರಬಹುದು, ಪಿನ್ನಿಗೆ ಹಸಿರು ಕಿಲುಬು ಹಿಡಿದಿರಬಹುದು. ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ತೆಗೆಸಿ ಓದಿಸಿ: ಕೋಡ್ ಬಿದ್ದ ಗಳಿಗೆಯಲ್ಲಿ ಎಷ್ಟು ವೇಗ, ಎಷ್ಟು ಬಿಸಿ, ಎಷ್ಟು ಆರ್‌ಪಿಎಂ ಎಂಬುದು ಅಲ್ಲಿರುತ್ತದೆ. ಬಹಳ ಕಡೆ ಮೊದಲು ಅಳಿಸುವುದೇ ಇದನ್ನು.

ಬಿಸಿಯಾದಾಗ ನಿಂತು, ಅರ್ಧ ಗಂಟೆ ಬಿಟ್ಟರೆ ತಾನೇ ಸ್ಟಾರ್ಟ್ ಆಗುವ ಕಾರಿನಲ್ಲಿ ಈ ಕ್ರ್ಯಾಂಕ್ ಸೆನ್ಸಾರಿನ ಮೇಲೆ ನನಗೆ ಮೊದಲ ಅನುಮಾನ. ಹಲವು ಮಾಡೆಲ್‌ಗಳಲ್ಲಿ ಅದರೊಳಗೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿರುತ್ತದೆ. ಎಲ್ಲೋ ಸಣ್ಣಗೆ ತುಂಡಾಗಿದ್ದರೆ ಬಿಸಿಗೆ ತುದಿಗಳು ದೂರವಾಗುತ್ತವೆ, ತಣಿದರೆ ಕೂಡಿಕೊಳ್ಳುತ್ತವೆ. ನಿಂತ ಜಾಗದಲ್ಲೇ, ಸೆನ್ಸಾರ್ ಕೈಗೆ ಎಟುಕುವಂತಿದ್ದರೆ, ಅದರ ಮೇಲೆ ಮಾತ್ರ ಸ್ವಲ್ಪ ನೀರು ಬಿಡಿ. ತಕ್ಷಣ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿಬಿದ್ದ. ಆಗದಿದ್ದರೆ ಕೀ ಆನ್ ಮಾಡಿ ಹಿಂದಿನ ಸೀಟಿನ ಕೆಳಗೆ ಕಿವಿಗೊಡಿ. ಪಂಪಿನ ಗುಂಯ್ ಸದ್ದು ಒಂದೆರಡು ಸೆಕೆಂಡ್ ಕೇಳದಿದ್ದರೆ ಫ್ಯೂಸು, ರಿಲೇ ನೋಡಿ. ಅರ್ಥಿಂಗನ್ನೂ ಬಿಡಬೇಡಿ: ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ ಬ್ಲಾಕಿಗೂ ನಡುವೆ ಮೀಟರ್ ಅರ್ಧ ವೋಲ್ಟ್ ದಾಟಿದರೆ ಆ ವೈರು ಸರಿಯಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಒಂದು ಚೀಟಿ ಇಟ್ಟುಕೊಂಡು ಬರೆಯಿರಿ: ಎಷ್ಟು ದೂರ ಓಡಿತ್ತು, ಎಸಿ ಇತ್ತೇ, ಟ್ಯಾಂಕಿನಲ್ಲಿ ಎಷ್ಟಿತ್ತು, ಮಳೆಯೇ ಬಿಸಿಲೇ. ಮೇಸ್ತ್ರಿಗೆ ರೋಗದ ಹೆಸರು ಹೇಳದೆ ಈ ಚೀಟಿ ಕೊಡಿ. "ಪಂಪ್ ಹೋಗಿದೆ" ಅಂದವರಿಗೆ ಹೊಸ ಪಂಪೇ ಸಿಗುತ್ತದೆ.

ದುಡ್ಡು ಕೊಡುವ ಮುಂಚೆ ಬಿಚ್ಚಿದ ಹಳೇ ಪಾರ್ಟುಗಳನ್ನೂ ಕೇಳಿ ತಗೊಳ್ಳಿ. ಅವು ನಿಮ್ಮವು, ಮತ್ತು ಅವುಗಳಲ್ಲಿ ಹಲವು ಇನ್ನೂ ಚೆನ್ನಾಗಿಯೇ ಇರುತ್ತವೆ.