ನೂರು ಎಂಎಲ್ ಕಾಕಾ

ಹುಬ್ಬಳ್ಳಿಯಲ್ಲಿ ಯಾರಾದರೂ ಅಮೆರಿಕಕ್ಕೆ ಹೊರಟರೆಂದರೆ ಆ ಸುದ್ದಿ ಮೊದಲು ಮುಟ್ಟುವುದು ಬೀಗರಿಗಲ್ಲ, ಓಣಿಯ ಕಾಕಾನಿಗೆ. ವೀಸಾ ಬಂದ ಖುಷಿಗೆ ನಾವಿನ್ನೂ ಪೇಢೆ ಹಂಚಿರುವುದಿಲ್ಲ, ಅಷ್ಟರಲ್ಲಿ ಅವರು ಗೇಟು ತೆಗೆದು ಒಳಗೆ ಬಂದಿರುತ್ತಾರೆ. ಕೈಯಲ್ಲೊಂದು ಚೀಲ. ಚೀಲದಲ್ಲಿ ಸ್ಪ್ರಿಂಗ್ ತಕ್ಕಡಿ, ಟೇಪು, ಎಂ-ಸೀಲ್, ಜೊತೆಗೆ ಎಲ್ಲೆಲ್ಲಿಂದಲೋ ಕೂಡಿಹಾಕಿದ ಸಣ್ಣ ಸಣ್ಣ ಸೀಸೆಗಳು: ಕೆಮ್ಮಿನ ಔಷಧದ್ದು, ಹೋಮಿಯೋಪಥಿಯದು, ಯಾರದೋ ಮದುವೆಗೆ ಹೋದಾಗ ಲಾಡ್ಜಿನವರು ಕೊಟ್ಟ ಶಾಂಪೂವಿನದು. "ಯಾವಾಗ ಹೊರಡೂದು?" ಎಂದು ಅವರು ಕೇಳುವುದಿಲ್ಲ. "ಎಣ್ಣಿ ಎಷ್ಟ ಒಯ್ಯಾವ್ರು?" ಎಂದೇ ಶುರು.

ಇಂಥವರು ವಿದ್ಯಾನಗರದಲ್ಲೂ ಇದ್ದಾರೆ, ಕೇಶ್ವಾಪುರದಲ್ಲೂ ಇದ್ದಾರೆ, ಧಾರವಾಡದ ಮಾಳಮಡ್ಡಿಯಲ್ಲಂತೂ ಮನೆಗೊಬ್ಬರು. ಒಂದೆರಡು ಸಲ ಮಗನ ಮನೆಗೆ ಹೋಗಿ ಬಂದರೆ ಸಾಕು, ವಿಮಾನ ಕಂಡುಹಿಡಿದವರಿಗೂ ತಿಳಿಯದ ಸಂಗತಿ ತಮಗೆ ತಿಳಿದಿದೆ ಎನ್ನುವ ಠೀವಿ ಬರುತ್ತದೆ. ನನ್ನ ಪಾಲಿಗೆ ಬಂದವರು ಗೋಕುಲ ರೋಡಿನ ನಮ್ಮ ಕಾಕಾ. ಜೀವಮಾನವೆಲ್ಲ ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಕಳೆದವರು. ಊರವರ ಗಂಟುಮೂಟೆ ತೂಗಿ, ಚೀಟಿ ಅಂಟಿಸಿ, ರಿಜಿಸ್ಟರಿನಲ್ಲಿ ಬರೆದು ಕಳಿಸಿದ ಕೈ. ನಿವೃತ್ತಿಯಾದ ಮೇಲೆ ಆ ಕೈಗೆ ಕೆಲಸವಿರಲಿಲ್ಲ. 2017ರ ಡಿಸೆಂಬರಿನಲ್ಲಿ ನಮ್ಮ ವಿಮಾನ ನಿಲ್ದಾಣಕ್ಕೆ ಹೊಸ ಟರ್ಮಿನಲ್ ಆಯಿತು, ಮರುವರ್ಷ ಉಡಾನ್ ಯೋಜನೆಯ ವಿಮಾನಗಳು ಬಂದವು, ಕಾಕಾ ಮತ್ತೆ ಡ್ಯೂಟಿಗೆ ಹಾಜರಾದರು. ಪಗಾರವಿಲ್ಲ ಎನ್ನುವುದೊಂದೇ ಕೊರತೆ.

"ರೈಲಿನಾಗ ಸ್ಲೀಪರಿಗೆ 40 ಕಿಲೋ ಬಿಡತಾರ, ಫಸ್ಟ್ ಏಸಿಗೆ 70. ಇಲ್ಲಿ ಕೈಚೀಲಕ್ಕ 7 ಕಿಲೋ! ಇಷ್ಟರಾಗ ಒಂದ ಶ್ರಾದ್ಧದ ಸಾಮಾನೂ ಹಿಡ್ಯಾಂಗಿಲ್ಲ," ಎಂದು ಬೈಯುತ್ತಾರೆ. ಬೈಯುವಾಗ ಮುಖದಲ್ಲಿ ಸಂತೋಷವಿರುತ್ತದೆ. ನಿಯಮ ಎಷ್ಟು ಬಿಗಿಯೋ ಅಷ್ಟು ಅವರ ಕಿಮ್ಮತ್ತು.

ದ್ರವದ ನಿಯಮವಂತೂ ಅವರ ಬಾಯಲ್ಲಿ ಪುರಾಣ. 2006ರ ಆಗಸ್ಟಿನಲ್ಲಿ ಲಂಡನ್ ಪೊಲೀಸರು ಸಂಚೊಂದನ್ನು ಬಯಲಿಗೆಳೆದರು. ತಂಪುಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ತುಂಬಿ ಹೀಥ್ರೋದಿಂದ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಸಂಚು ಅದು. ಅದರ ಬೆನ್ನಿಗೆ ಜಗತ್ತಿನ ತುಂಬ 100 ಎಂಎಲ್‌ನ ಕಟ್ಟಳೆ ಬಂತು. ಪ್ರತಿಯೊಂದು ಸೀಸೆ 100 ಎಂಎಲ್ ಮೀರಬಾರದು, ಎಲ್ಲ ಸೀಸೆಗಳೂ ಒಂದು ಲೀಟರಿನ ಪಾರದರ್ಶಕ ಜಿಪ್ ಚೀಲದಲ್ಲಿ ಹಿಡಿಯಬೇಕು. ಕಾಕಾ ಇದನ್ನು ಹೇಳಿ ಮುಗಿಸುವುದು ಹೀಗೆ: "ಯಾರೋ ಲಂಡನ್ನಿನ ಹುಡುಗ್ರು ಉಪದ್ವ್ಯಾಪ ಮಾಡಿದ್ರು, ಸಿಕ್ಕೊಂಡಿದ್ದು ನಮ್ಮ ಔಡಲೆಣ್ಣಿ."

ಮಗಳ ಬಾಣಂತನಕ್ಕೆಂದು ನಾನೂ ನನ್ನಾಕೆಯೂ ಡಲ್ಲಾಸಿಗೆ ಹೊರಟೆವು. 2025ರ ಜನವರಿ, ಮೈ ನಡುಗಿಸುವ ಚಳಿ. ನಡುಮನೆಯಲ್ಲಿ ಚಾಪೆ ಹಾಸಿ ಕಾಕಾ ಕೂತರು. ನನ್ನಾಕೆ ಒಂದೊಂದೇ ಸಾಮಾನು ತಂದಿಡುತ್ತಿದ್ದಳು, ಅವರು ಕನ್ಯೆ ನೋಡಲು ಬಂದವರ ಹಾಗೆ ಕನ್ನಡಕ ಏರಿಸಿ ನೋಡುತ್ತಿದ್ದರು. ಮೈಸೂರು ಸ್ಯಾಂಡಲ್ ಸೋಪು: ಗಟ್ಟಿ, ಪಾಸು. ಟೂತ್‌ಪೇಸ್ಟು: ನೋಡಲು ಗಟ್ಟಿ, ಲೆಕ್ಕಕ್ಕೆ ದ್ರವ. ರಂಜಕ: ದ್ರವವೂ ಹೌದು, ಖಾರವೂ ಹೌದು, ಕೈಚೀಲದ ಹತ್ತಿರ ಸುಳಿಯಕೂಡದು. ಶೇಂಗಾ ಹಿಂಡಿ ಮುಂದೆ ಬಂದಾಗ ನನ್ನಾಕೆ ಧೈರ್ಯದಿಂದ, "ಇದು ಪುಡಿ ಐತ್ರಿ ಕಾಕಾರ, ಇದಕ್ಕೇನ ಅನ್ನಾಂಗಿಲ್ಲ," ಎಂದಳು. ಕಾಕಾ ನಕ್ಕರು. ಹೊರಗಿನಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರ ಜೂನ್ 30ರಿಂದ ಪುಡಿಗೂ ಲಗಾಮು ಬಿದ್ದಿದೆ. 350 ಎಂಎಲ್ ಡಬ್ಬಿಯಷ್ಟೋ ಅದಕ್ಕೂ ಹೆಚ್ಚೋ ಪುಡಿ ಕೈಚೀಲದಲ್ಲಿದ್ದರೆ ಬಿಚ್ಚಿಸಿ ತಪಾಸಣೆ ಮಾಡುತ್ತಾರೆ. ಹಿಂಡಿ ದೊಡ್ಡ ಪೆಟ್ಟಿಗೆಗೆ ವರ್ಗವಾಯಿತು.

ಕೊಬ್ಬರಿ ಎಣ್ಣೆಯ ಹತ್ತಿರ ಜಗಳವೇ ಆಯಿತು. ಆ ಚಳಿಗೆ ಅದು ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ನನ್ನಾಕೆ ಬಾಟಲಿ ತಲೆಕೆಳಗೆ ಮಾಡಿ ತೋರಿಸಿದಳು, ಒಂದು ಹನಿ ಅಲುಗಲಿಲ್ಲ.

"ಗಟ್ಟಿ ಐತಲ್ರೀ!"

"ಇಲ್ಲಿ ಗಟ್ಟಿ, ತಂಗೀ. 24 ಡಿಗ್ರಿ ದಾಟಿತಂದ್ರ ನೀರು. ಅಲ್ಲಿ ಲೈನಿನಾಗ ನಿಂತಾಗ ನಿನ್ನ ಕೈಬಿಸಿಗೇ ಕರಗತೈತಿ."

"ಬಾಟ್ಲ್ಯಾಗ ಅರ್ಧಾನೂ ಇಲ್ರಿ."

ಇಂಥ ಮಾತಿಗಾಗಿಯೇ ಕಾಕಾ ಕಾಯುತ್ತಿರುತ್ತಾರೆ. ಅವರ ವಿದ್ಯೆಯ ಸಾರವೆಲ್ಲ ಇರುವುದು ಇಲ್ಲೇ. 200 ಎಂಎಲ್ ಬಾಟಲಿಯ ತಳದಲ್ಲಿ ಮೂವತ್ತೇ ಎಂಎಲ್ ಇರಲಿ, ಲೆಕ್ಕಕ್ಕೆ ಹಿಡಿಯುವುದು ಬಾಟಲಿಯ ಅಳತೆಯನ್ನು, ಒಳಗಿನ ಸರಕನ್ನಲ್ಲ. ಪ್ರಪಂಚದ ಯಾವ ನಿಲ್ದಾಣಕ್ಕೆ ಹೋದರೂ ಅರೆ ತುಂಬಿದ ಬಾಟಲಿ ಹಿಡಿದು ವಾದಿಸುವ ಅತ್ತೆಯೊಬ್ಬಳು ಕಾಣಸಿಗುತ್ತಾಳಂತೆ. ಕಾಕಾ ತೀರ್ಪು ಕೊಟ್ಟು, ಬಾಟಲಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಸಿ, ಕರಗಿದ ಎಣ್ಣೆಯನ್ನು ಕೆಮ್ಮಿನ ಸೀಸೆಗೆ ಬಗ್ಗಿಸಿದರು. ಸೀಸೆಯ ಕಂಠದವರೆಗೆ ತುಂಬಲಿಲ್ಲ. ಪ್ಲಾಸ್ಟಿಕ್ ಸೀಸೆಯಾದರೆ ಎರಡೂ ಪಕ್ಕೆ ಅಮುಕಿ, ಒಳಗಿನ ಗಾಳಿ ಹೊರದೂಡಿ, ಆಮೇಲೆ ಮುಚ್ಚಳ ತಿರುವುವುದು ಅವರ ಕ್ರಮ. ಹಾರುವ ವಿಮಾನದೊಳಗಿನ ಗಾಳಿಯೊತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟೇ. ಹೆಚ್ಚೂಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯ ಲೆಕ್ಕ. ಅಲ್ಲಿ ಸೀಸೆಯೊಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಹೊರಗೆ ನೂಕುತ್ತದೆ. ಈ ಭೌತಶಾಸ್ತ್ರವನ್ನು ಕಾಲೇಜಿನಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಒಣಕೊಬ್ಬರಿಗೆ ಎರಡೂ ಪೆಟ್ಟಿಗೆಗಳಲ್ಲಿ ಜಾಗವಿಲ್ಲ. ಎಣ್ಣೆ ತುಂಬಿದ ಆ ಸರಕು ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನದವರು ಅದನ್ನು ಅಪಾಯದ ಪಟ್ಟಿಯಲ್ಲಿ ಇಟ್ಟಿದ್ದಾರೆ. ಶಬರಿಮಲೆಗೆ ಹೋಗುವ ಮಾಲಾಧಾರಿಗಳು ಇರುಮುಡಿಯ ತೆಂಗಿನಕಾಯಿಯನ್ನು ಕೈಯಲ್ಲೇ ಒಯ್ಯಲು 2024ರ ಅಕ್ಟೋಬರಿನಲ್ಲಿ ಸರಕಾರ ಒಪ್ಪಿಗೆ ಕೊಟ್ಟಿತ್ತು, ಅದೂ ಮರುವರ್ಷದ ಜನವರಿ 20ರವರೆಗೆ ಮಾತ್ರ. "ನೀವೇನ ಮಾಲಿ ಹಾಕ್ಕೊಂಡೀರೇನು?" ಎಂದು ಕಾಕಾ ನನ್ನನ್ನು ಕೇಳಿದರು. ಆದರೆ ಬಾಣಂತಿಯ ಅಂಟಿನುಂಡಿಗೆ ಬೆಲ್ಲದ ಜೊತೆ ಕೊಬ್ಬರಿ ತುರಿದು ಹಾಕಿತ್ತಲ್ಲ, ಅದು ಉಂಡಿಯೋ ಕೊಬ್ಬರಿಯೋ? ಕಾಕಾ ಒಂದು ತಿಂದರು, ಕಣ್ಣು ಮುಚ್ಚಿ ಯೋಚಿಸಿದರು, ಇನ್ನೊಂದು ತಿಂದರು, ಉಂಡಿ ಎಂದು ತೀರ್ಮಾನ ಹೇಳಿದರು.

ಎಲ್ಲ ಸೀಸೆಗಳಿಗೂ ಪಾರ್ಸೆಲ್ ಆಫೀಸಿನ ಪದ್ಧತಿಯಂತೆ ಚೀಟಿ. ಚೀಟಿಯ ಮೇಲೆ ಹೆಸರಿಲ್ಲ, ನಂಬರು ಮಾತ್ರ: ಹು-1, ಹು-2, ಹು-3. ಯಾವ ನಂಬರಿಗೆ ಯಾವ ಸರಕು ಎನ್ನುವುದು ಅವರ ಉದ್ದನೆಯ ರಿಜಿಸ್ಟರಿನಲ್ಲಿ. ರಿಜಿಸ್ಟರು ಗೋಕುಲ ರೋಡಿನಲ್ಲೇ ಉಳಿಯಿತು ಎಂದು ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಸೇವೆಗೆ ಕಾಕಾ ತಗೊಳ್ಳುವ ಫೀಸು ಒಂದೇ. ಜಿಪ್ ಚೀಲ ಇನ್ನೇನು ತುಂಬಿತು ಎನ್ನುವಾಗ ಮೆಲ್ಲಗೆ ಕೆಮ್ಮುತ್ತಾರೆ. "ಒಂದ ಸೀಸೆ ಜಾಗಾ ಬಿಡ್ರಿ." ಅಂಗಿಯ ಕಿಸೆಯಿಂದ ಆಗಲೇ ತುಂಬಿಸಿ, ಮುಚ್ಚಳಕ್ಕೆ ಎಂ-ಸೀಲ್ ಮೆತ್ತಿ ತಂದ ತುಪ್ಪದ ಸೀಸೆ ಹೊರಬರುತ್ತದೆ. ಅವರ ಮಗನಿಗೆ. ಓಣಿಯಿಂದ ಅಮೆರಿಕಕ್ಕೆ ಹೋದವರೆಲ್ಲ ಈ ಸುಂಕ ಕಟ್ಟಿದವರೇ. ನಮಗಂತೂ ಮೈಯೆಲ್ಲ ಉರಿಯಿತು, ಏಕೆಂದರೆ ಆ ಸೀಸೆಗೆ ಜಾಗ ಮಾಡಲು ನನ್ನ ಶೇವಿಂಗ್ ಕ್ರೀಮು ಹೊರಬಿತ್ತು. ನಾನು ಡಲ್ಲಾಸಿನಲ್ಲಿ ಇಳಿದಾಗ ಮಗಳು ಗುರುತು ಹಿಡಿಯಲು ತುಸು ಹೊತ್ತು ತಗೊಂಡಳು.

ನಿಲ್ದಾಣದಲ್ಲಿ ನಡೆದದ್ದೇನೆಂದರೆ, ಏನೂ ನಡೆಯಲಿಲ್ಲ. ಜಿಪ್ ಚೀಲವನ್ನು ನನ್ನಾಕೆ ಎರಡೂ ಕೈಯಲ್ಲಿ ಹಿಡಿದು ಟ್ರೇಯಲ್ಲಿಟ್ಟಳು. ಯಂತ್ರ ನುಂಗಿತು, ಉಗುಳಿತು. ಪರದೆಯ ಮುಂದೆ ಕೂತ ಹುಡುಗ ಆಕಳಿಸಿದ. ಯಾರೂ ಬಿಚ್ಚಲಿಲ್ಲ, ಕೇಳಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟ ನನ್ನಾಕೆಗೆ ಅವಮಾನವೇ ಆಯಿತು. "ಒಮ್ಮೆರೆ ನೋಡ್ಬಾರದೇನು?" ಎಂದು ಗೊಣಗಿದಳು. ಅಷ್ಟರಲ್ಲಿ ಕಾಕಾನ ಫೋನು. "ಏನಂದ್ರು?" "ಯಾರ ಕಟ್ಟಿದ್ದು ಅಂತ ಕೇಳಿದ್ರು, ಭಾಳ ಛಲೋ ಕಟ್ಯಾರ ಅಂದ್ರು ಕಾಕಾರ," ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಡಲ್ಲಾಸಿನಲ್ಲಿ ಒಂದು ರಾತ್ರಿ ಮೂರು ಗಂಟೆಗೆ ಕೂಸು ಅಳತೊಡಗಿತು. ಹೊಟ್ಟೆಗೆ ಔಡಲೆಣ್ಣೆ ಸವರಬೇಕು. ಹು-2, ಹು-4, ಹು-7 ಮೂರೂ ಒಂದೇ ಬಣ್ಣ. ಒಂದು ಶಾಂಪೂ, ಒಂದು ಔಡಲೆಣ್ಣೆ, ಒಂದು ಎಳ್ಳೆಣ್ಣೆ. ನನಗೂ ನನ್ನಾಕೆಗೂ ನೆಗಡಿ, ವಾಸನೆ ತಿಳಿಯದು. ಅಳಿಯ ಬಂದು ಮೂಸಿ ನೋಡಿ ಮೂರೂ ಶಾಂಪೂ ಅಂದ. ಕಡೆಗೆ ಹುಬ್ಬಳ್ಳಿಗೆ ಫೋನು ಹಚ್ಚಿದೆ. ಅಲ್ಲಿ ಮಧ್ಯಾಹ್ನ ಎರಡೂವರೆ, ಹುಬ್ಬಳ್ಳಿಯೆಲ್ಲ ಊಟ ಮಾಡಿ ಅಡ್ಡಾಗಿರುವ ಹೊತ್ತು. ಮೊದಲ ರಿಂಗಿಗೇ ಎತ್ತಿದರು. ಪುಟ ಮಗುಚುವ ಸದ್ದು ಕೇಳಿಸಿತು. "ಹು-4. ಎರಡ ಹನಿ ಅಂಗೈಯಾಗ ತಗೊಂಡು ಬಿಸಿ ಮಾಡ್ಕೊಂಡು ಹಚ್ರಿ. ಕೂಸು ಮಲಗಿತಂದ್ರ ಹೇಳ್ರಿ, ಕುಂತಿರ್ತೀನಿ."

ಅವರ ಮಗ ಒಂದು ಭಾನುವಾರ ಕಾರು ಹಾಕಿಕೊಂಡು ತುಪ್ಪ ಒಯ್ಯಲು ಬಂದ. ಸಂಕೋಚದ ಹುಡುಗ. "ಇಲ್ಲೆ ಎಲ್ಲಾ ಸಿಗತೈತ್ರಿ ಅಂಕಲ್, ಕಿಲೋಗಟ್ಟಲೆ ತುಪ್ಪ ಸಿಗತೈತಿ. ಅಪ್ಪಗ ಹೇಳಬ್ಯಾಡ್ರಿ," ಎಂದ. ಅವನ ಫ್ರಿಜ್ಜಿನ ಬಾಗಿಲಲ್ಲಿ ಈ ಸೀಸೆಗಳು ಸಾಲಾಗಿ ನಿಂತಿವೆಯಂತೆ. ಅದರಲ್ಲೊಂದು ಕಾಕೂ ಇದ್ದಾಗ ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪದ್ದು. ಅದನ್ನು ಮಾತ್ರ ಇನ್ನೂ ತೆರೆದಿಲ್ಲವಂತೆ. ಕಾಕೂ ಹೋಗಿ ವರ್ಷಗಳಾದವು. ಅಂದಿನಿಂದ ತುಪ್ಪ ಕಾಯಿಸುವುದು ಕಾಕಾನೇ. ಒಂದು ಮನೆಯಲ್ಲಿ ಒಬ್ಬನೇ ಮುದುಕ ಒಲೆಯ ಮುಂದೆ ನಿಂತು, ಯಾರು ಯಾವಾಗ ವಿಮಾನ ಹತ್ತುತ್ತಾರೋ ಎಂದು ಕಾಯುತ್ತ... ನಾನು ಹೀಗೆ ಮನಸ್ಸು ಭಾರ ಮಾಡಿಕೊಂಡು ಕೂತಿದ್ದಾಗ ನನ್ನಾಕೆ, "ಅಷ್ಟ ವರ್ಷದ ತುಪ್ಪ, ಖಮಟ ಹಿಡದಿರ್ತೈತಿ," ಎಂದು ಪಾತ್ರೆ ತೊಳೆಯಲು ಎದ್ದಳು.

ನಾವು ವಾಪಸ್ ಬಂದ ಮೇಲೆ, ಮಳೆಗಾಲದಲ್ಲಿ, ಪೇಪರಿನಲ್ಲಿ ಒಂದು ಸುದ್ದಿ ಬಂತು. ಎಡಿನ್‌ಬರೋ ನಿಲ್ದಾಣದಲ್ಲಿ ಚೀಲದ ಒಳಗನ್ನು ಮೂರು ಆಯಾಮದಲ್ಲಿ ತೋರಿಸುವ ಹೊಸ ಸ್ಕ್ಯಾನರು ಹಾಕಿದ್ದಾರೆ, ಇನ್ನು ಎರಡು ಲೀಟರಿನ ಬಾಟಲಿಯನ್ನೂ ಬಿಡುತ್ತಾರೆ, ಜಿಪ್ ಚೀಲವೂ ಬೇಡ. ಕಾಕಾನ ಧಂದೆ ಮುಳುಗಿತು ಎನ್ನುವ ಒಳಗೊಳಗಿನ ಖುಷಿಯಲ್ಲಿ ಪೇಪರು ಹಿಡಿದು ಅವರ ಮನೆಗೆ ಹೋದೆ. ಅವರು ಆಗಲೇ ಓದಿದ್ದರು.

"ಅದು ಅಲ್ಲಿಂದ ಹತ್ತಾವ್ರಿಗೆ ತಮ್ಮಾ, ಬೆಂಗಳೂರಾಗ ಹತ್ತಾವ್ರಿಗಲ್ಲ. ಅಲ್ಲಿಂದ ಎರಡ ಲೀಟರ್ ಏನ್ ತರತಾರ, ಮಳಿ ನೀರು?" ಎಂದರು. ಎದ್ದು ಚಪ್ಪಲಿ ಮೆಟ್ಟಿ ತಕ್ಕಡಿಯ ಚೀಲ ಕೈಗೆ ತಗೊಂಡರು. "ಆ ಮೂಲಿ ಮನಿ ಹುಡುಗಿಗೆ ಸಿಯಾಟಲ್‌ದಾಗ ಎಂಎಸ್ ಸೀಟ ಸಿಕ್ಕೈತಂತ. ಕೂದಲ ಉದ್ದ ಅದಾವ ಅಕಿಗೆ, ಎಣ್ಣಿ ಜಾಸ್ತಿ ಬೇಕು. ನಡಿ, ನೋಡ್ಕೊಂಡ ಬರೂಣು."