ಹೆಪ್ಪಿಗೆ ಒಂಚೂರು ಮೊಸರು

“ಹೆಪ್ಪಿಗೆ ಒಂಚೂರು ಮೊಸರಿದ್ಯೇನ್ರೀ?”

ಕಾಂಪೌಂಡಿನ ಆಚೆಯಿಂದ ಈ ದನಿ ಕೇಳಿ ವರ್ಷಗಳೇ ಆದವು. ಮೊದಲು ವಾರಕ್ಕೊಮ್ಮೆಯಾದರೂ ಕೇಳುತ್ತಿತ್ತು, ಅದೂ ಸಂಜೆ ದೀಪ ಹಚ್ಚುವುದರೊಳಗೆ. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಮನೆಯಿಂದ ಆಚೆ ಕೊಡಬಾರದಲ್ಲ! ಬಟ್ಟಲಿಗೆ ಎರಡು ಚಮಚ ಮೊಸರು ಹಾಕಿ ಗೋಡೆಯ ಮೇಲಿಟ್ಟರೆ ಪಕ್ಕದ ಮನೆ ಅಜ್ಜಿ ತೆಗೆದುಕೊಳ್ಳುವರು. ಅಷ್ಟಕ್ಕೆ ಮುಗಿಯುತ್ತಿತ್ತೇ? “ಇವತ್ತೇನು ಸಾರು?” ಅಂತ ಶುರುವಾಗಿ, ಯಾರ ಮಗಳಿಗೆ ಸೀಮಂತ, ಯಾವ ಅಂಗಡಿ ಬೇಳೆ ಬೇಗ ಬೇಯುತ್ತದೆ, ಮಂಡಿನೋವಿಗೆ ಯಾವ ಎಣ್ಣೆ... ಒಲೆ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂದಾಗಲೇ ಒಳಗೆ ಓಡುತ್ತಿದ್ದುದು.

ಆ ಬಟ್ಟಲು ಖಾಲಿ ವಾಪಸ್ ಬಂದದ್ದಿಲ್ಲ. ಎರಡು ಚಕ್ಕುಲಿ, ಒಂದು ಎಸಳು ಕರಿಬೇವು, ಏನೂ ಇಲ್ಲದ ದಿನ ತಳದಲ್ಲಿ ಒಂದು ಚಿಟಿಕೆ ಸಕ್ಕರೆ. ಅದಕ್ಕೆ ನಾವು ಮತ್ತೇನೋ ಕೊಡಬೇಕು. ಋಣ ತೀರುತ್ತಲೇ ಇರಲಿಲ್ಲ. ತೀರಬಾರದು ಅಂತಲೇ ಹಿರಿಯರು ಆ ಪದ್ಧತಿ ಇಟ್ಟಿದ್ದರೆಂದು ನನಗನಿಸುತ್ತದೆ.

ಈಗ ಜನಕ್ಕೆ ಪುರುಸೊತ್ತಿಲ್ಲ, ಅದಕ್ಕೇ ನೆರೆಹೊರೆ ಕಳೆದುಹೋಯಿತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮಮ್ಮ ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಮನೆ, ಅಂಗಳಕ್ಕೊಂದೇ ನಲ್ಲಿ. 1974ರಲ್ಲಿ ಬೆಂಗಳೂರಿಗೆ ಕಾವೇರಿ ನೀರು ಬರುವುದಕ್ಕೂ ಹಿಂದಿನ ಮಾತು. ನೀರು ಬರುವ ಹೊತ್ತಿಗೆ ಬಿಂದಿಗೆ ಸಾಲಿಟ್ಟು ನಿಲ್ಲಬೇಕು, ಒಬ್ಬರ ಪಾಳಿಯನ್ನು ಇನ್ನೊಬ್ಬರು ಕಾಯಬೇಕು. ಒಲೆ ಒರೆಸಿ, ಹಿಟ್ಟು ರುಬ್ಬಿ, ಬಟ್ಟೆ ಒಗೆದು ಸೊಂಟ ಬಿದ್ದುಹೋಗುತ್ತಿದ್ದ ಆ ಹೆಂಗಸರಿಗೆ ಎಲ್ಲಿಯ ಪುರುಸೊತ್ತು? ಮಾತು ಹುಟ್ಟುತ್ತಿದ್ದುದು ಬಿಡುವಿನಿಂದಲ್ಲ, ಒಬ್ಬರಿಗೊಬ್ಬರು ಬೇಕಾಗಿದ್ದುದರಿಂದ.

ನಮ್ಮ ಕಾಲದಲ್ಲೂ ಅಷ್ಟೇ, ಯೋಚಿಸಿ ನೋಡಿ. ಎದುರುಮನೆಯ ಫೋನ್ ನಮಗೆ ಪಿ.ಪಿ. ನಂಬರ್. ಊರಿಂದ ಕರೆ ಬಂದರೆ ಅವರ ಹುಡುಗ ಓಡಿಬರುವನು, ಸಾವಿನ ಸುದ್ದಿಯಾದರೆ ಅವರೇ ಜೊತೆಗೆ ನಿಲ್ಲುವರು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಬೀದಿಯ ಅರ್ಧ ಜನ ಅವರ ನಡುಮನೆಯಲ್ಲಿ ಚಾಪೆಯ ಮೇಲೆ. ಗ್ಯಾಸ್ ಮುಗಿದರೆ ಸಿಲಿಂಡರ್ ಸಾಲ. ಆಮೇಲೆ ಮನೆಮನೆಗೂ ಎಲ್ಲ ಬಂತು. ಬಂದದ್ದು ಒಳ್ಳೆಯದೇ. ಬಿಂದಿಗೆ ಹೊತ್ತು ಹೊತ್ತು ಅಮ್ಮನ ಸೊಂಟನೋವು ಕಡೆಯತನಕ ಹೋಗಲಿಲ್ಲ, ಆ ನಲ್ಲಿ ಮರಳಿ ಬರಲಿ ಅಂತ ನಾನು ಹೇಗೆ ಬಯಸಲಿ? ಆದರೆ ಒಂದೊಂದು ಸಾಮಾನು ಒಳಗೆ ಬಂದಾಗಲೂ ನೆರೆಮನೆಗೆ ಹೋಗುವ ಒಂದೊಂದು ಕಾರಣ ಹೊರಟುಹೋಯಿತು.

ಮನೆ ಕಟ್ಟುವ ರೀತಿಯೂ ಬದಲಾಯಿತು. 1898ರ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿದಾಗ ಗಾಳಿ ಬೆಳಕು ಆಡಲೆಂದು ಮನೆಗಳನ್ನು ದೂರದೂರ ಕಟ್ಟಿಸಿದರು. ಆದರೂ ಮುಂದೆ ಜಗಲಿ, ಹಿಂದೆ ಹಿತ್ತಿಲ ಓಣಿ ಇತ್ತು, ಮಾತು ನಿಲ್ಲಲಿಲ್ಲ. ನಮ್ಮ ಬೀದಿಯ ಮೂವತ್ತು-ನಲವತ್ತರ ಸೈಟುಗಳಲ್ಲಿ ಜಗಲಿ ಇರಬೇಕಾದ ಕಡೆ ಕಾರು ನಿಂತಿದೆ. ಪಕ್ಕದ ಮನೆ ಅಜ್ಜಿ ತೀರಿಕೊಂಡ ಮೇಲೆ ಅವರ ಮನೆ ಕೆಡವಿ ಮೂರಂತಸ್ತು ಎಬ್ಬಿಸಿದರು. ಬಟ್ಟಲಿಡುತ್ತಿದ್ದ ಗೋಡೆ ಈಗ ತಲೆಗಿಂತ ಎತ್ತರ.

2020ರ ಲಾಕ್‌ಡೌನಿನಲ್ಲಿ ಇದೇ ಬೀದಿ ಮತ್ತೆ ಮಾತಾಡಿತು. ಯಾರ ಮನೆಗೆ ಮಾತ್ರೆ ಬೇಕು, ತರಕಾರಿ ಗಾಡಿ ಎಲ್ಲಿ ಬಂದಿದೆ ಅಂತ ತಾರಸಿಯಿಂದ ತಾರಸಿಗೆ ಕೂಗು. ಬೇಕಾದಾಗ ಬಾಯಿ ಬಂತು, ಅಂಗಡಿ ತೆರೆದ ಮೇಲೆ ಮತ್ತೆ ಬಾಗಿಲು ಹಾಕಿಕೊಂಡೆವು.

ಹೋದ ತಿಂಗಳು ಒಂದು ರಾತ್ರಿ ಹೆಪ್ಪಿಗೆ ಮೊಸರಿರಲಿಲ್ಲ. ಫೋನಿನಲ್ಲಿ ಒತ್ತಿದೆ, ಹತ್ತು ನಿಮಿಷಕ್ಕೆ ಪ್ಯಾಕೆಟ್ ಬಂತು. ಅದರ ಮೂಲೆ ಕತ್ತರಿಸುವಾಗ ಕಿಟಕಿಯಾಚೆ ಪಕ್ಕದ ಮನೆಯ ಅಡುಗೆಮನೆ ದೀಪ ಕಂಡಿತು. ಹತ್ತಡಿ ದೂರ. ಎರಡು ವರ್ಷದಿಂದ ಅಲ್ಲಿ ಬಾಡಿಗೆಗಿರುವ ಹುಡುಗಿಯ ಹೆಸರೂ ನನಗೆ ಗೊತ್ತಿಲ್ಲವಲ್ಲ ಅಂತ ಆ ರಾತ್ರಿ ಕಸಿವಿಸಿಯಾಯಿತು.

ಮೊನ್ನೆ ಮತ್ತೆ ಹೆಪ್ಪು ಮುಗಿಯಿತು. ಫೋನ್ ಮುಟ್ಟಲಿಲ್ಲ. ದೀಪ ಹಚ್ಚುವ ಮೊದಲೇ ಹೋಗಿ ಬಾಗಿಲು ತಟ್ಟಿದೆ.

“ಮಸರೇನ್ರಿ ಆಂಟಿ? ಬರ್ರಿ, ಒಳಗ ಬರ್ರಿ” ಅಂದಳು. ಧಾರವಾಡದ ಕಡೆಯವಳು. ಚಹಾ ಕುಡಿಯದೆ ಬಿಡಲಿಲ್ಲ. ಅವಳಮ್ಮ ಕಳಿಸಿದ ಶೇಂಗಾ ಹಿಂಡಿಯ ರುಚಿ ನೋಡಲೇಬೇಕಾಯಿತು. “ಕಂಪ್ಯೂಟರ್ ಮುಂದ ಕುಂತ್ರ ದಿನಾ ಹೋಗ್ತದ್ರಿ, ಬಾಯಿಬಿಟ್ಟು ಮಾತಾಡಾಕ ಯಾರೂ ಸಿಗಂಗಿಲ್ಲ” ಅಂದಳು. ಹೊರಡುವಾಗ ತನ್ನದೇ ಬಟ್ಟಲಲ್ಲಿ ಗಟ್ಟಿ ಮೊಸರು ಹಾಕಿಕೊಟ್ಟಳು.

ಬಟ್ಟಲು ನಮ್ಮ ಅಡುಗೆ ಕಟ್ಟೆಯ ಮೇಲಿದೆ, ತೊಳೆದು ಬೋರಲು ಹಾಕಿದ್ದೇನೆ. ಕಡಲೆಬೇಳೆ ನೆನೆಯುತ್ತಿದೆ. ಆಂಬೊಡೆ ಬಿಸಿಯಿರುವಾಗಲೇ ಕೊಟ್ಟುಬರಬೇಕು.