ಮೂಲ್ಯಪ್ರಮಾಣ ಮೀಮಾಂಸೆ

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ನಾಲ್ಕೇ ಪ್ರಮಾಣಗಳನ್ನು ಹೇಳಿ ಸುಮ್ಮನಾದುದು, ಅವರು ರಾಯಚೂರಿನ ಬೈಕ್ ಸ್ಪೇರ್‌ಪಾರ್ಟ್ಸ್ ಅಂಗಡಿಯ ಕಟ್ಟೆಯನ್ನು ಹತ್ತದಿದ್ದುದರ ಫಲವೆಂದೇ ನಮ್ಮ ಮತ. ಹತ್ತಿದ್ದರೆ ಐದನೆಯದಾದ ಮೂಲ್ಯಪ್ರಮಾಣವು, ಅರ್ಥಾತ್ ದರವೊಂದರಿಂದಲೇ ವಸ್ತುವಿನ ಗುಣವನ್ನು ನಿಶ್ಚಯಿಸುವ ವಿಧಾನವು, ಅವರಿಗೆ ಅಲ್ಲಿಯೇ ಸಾಕ್ಷಾತ್ಕಾರವಾಗುತ್ತಿತ್ತು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬುದು ಅವರ ವ್ಯಾಪ್ತಿ. ಎಲ್ಲೆಲ್ಲಿ ರೊಕ್ಕವೋ ಅಲ್ಲಲ್ಲಿ ಪಿಕಪ್ ಎಂಬುದು ವೇಗವಿನೋದಿಗಳಾದ ನಮ್ಮ ತರುಣರದು.

ಈ ವಿನೋದವು ಅರ್ವಾಚೀನವೆಂದು ಯಾರೂ ಭ್ರಮಿಸಬಾರದು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವುಳ್ಳ, ನಲವತ್ತು ಅಡಿಗೂ ಮಿಕ್ಕು ಉದ್ದದ ಬಂಡೆಯೊಂದುಂಟು. ಅಂತಹ ಬಂಡೆಯನ್ನು ಗಾಲಿಗಳ ಮೇಲೆ ಹೇರಿ ಪಶುಗಳ ಸಾಲಿನಿಂದ ಎಳೆಸುತ್ತಿರುವ ದೃಶ್ಯವನ್ನೂ ಅಲ್ಲಿ ಕಂಡರಿಸಿದ್ದಾರೆ. ಶಿಲ್ಪಿಯು ಗಾಲಿಗಳ ದರವನ್ನು ಕೊರೆಯದೆ ಬಿಟ್ಟುದರಿಂದ ಅವು ಉತ್ತಮವಾಗಿದ್ದುವೆ ಎಂದು ಇಂದಿನ ತಜ್ಞರಿಗೆ ನಿರ್ಣಯಿಸಲಾಗದು. ಬಂಡೆಯು ಬಂದು ಸೇರಿತೆಂಬುದು ಕೇವಲ ಪ್ರತ್ಯಕ್ಷ, ಮೂಲ್ಯಪ್ರಮಾಣದ ಮುಂದೆ ದುರ್ಬಲ.

ಇನ್ನು ಸ್ಪಾರ್ಕ್ ಪ್ಲಗ್ಗಿನ ವಿಚಾರ. ಮಾನ್ವಿಯಲ್ಲಿ ಕೊಂಡ ಪ್ಲಗ್ಗಿಗಿಂತ ರಾಯಚೂರಿನದು ಶ್ರೇಷ್ಠ, ರಾಯಚೂರಿನದಕ್ಕಿಂತ ಹೈದರಾಬಾದಿನಿಂದ ತರಿಸಿದ್ದು ಶ್ರೇಷ್ಠತರ. ಮೂರೂ ಒಂದೇ ಕಾರ್ಖಾನೆಯ ಒಂದೇ ಡಬ್ಬಿಯೊಳಗಿನವಾದರೂ ಬಸ್ ಚಾರ್ಜು ಸೇರುತ್ತ ಹೋದಂತೆಲ್ಲ ಕಿಡಿಯು ತೇಜಸ್ವಿಯಾಗುವುದೆಂಬುದು ಸಂಪ್ರದಾಯ. ನಿಕಲ್ ತುದಿಯದನ್ನೂ ಇರಿಡಿಯಂ ತುದಿಯದನ್ನೂ ಅಂಗೈ ಮೇಲಿಟ್ಟು, ದೇವದುರ್ಗದಿಂದ ಬಂದ ತರುಣನು “ಯಾವ್ದು ಚಲೋ ಐತ್ರಿ ಮಿಸ್ತ್ರಿ?” ಎಂದು ಕೇಳಲು, ಮಿಸ್ತ್ರಿಯು ತಲೆಯೆತ್ತದೆ, “ರೊಕ್ಕ ನೋಡಿದ್ರ ತಿಳಿಯಂಗಿಲ್ಲೇನಪಾ?” ಎನ್ನುತ್ತಾನೆ. ಇರಿಡಿಯಂ ಕಠಿಣಲೋಹವಾದ್ದರಿಂದ ಸೂಜಿಯಂತಹ ಆ ತುದಿಯು ಬೇಗ ಸವೆಯದು, ಬಹುಕಾಲ ಬಾಳುವುದು, ಇದು ದಿಟ. ಆದರೆ ದೀರ್ಘಾಯುಷ್ಯಕ್ಕೆಂದು ಪ್ಲಗ್ಗು ಕೊಂಡ ವೇಗವಿನೋದಿಯನ್ನು ನಾವಿನ್ನೂ ಕಂಡಿಲ್ಲ.

ಪೆಟ್ರೋಲಿನಲ್ಲಿ ಶಾಸ್ತ್ರವು ಸೂಕ್ಷ್ಮವಾಗುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂದಿಲ್ಲ, ಹಸಿಸೌದೆಯೆಂಬ ಉಪಾಧಿಯು ಬೇಕೆಂದು ನೈಯಾಯಿಕರು ಎಚ್ಚರಿಸಿದ್ದಾರಷ್ಟೆ. ಹಾಗೆಯೇ ಆಕ್ಟೇನ್ ಎಂಬುದು ಶಕ್ತಿಯ ಅಳತೆಯಲ್ಲ. ಅದುಮಿದಾಗ ಇಂಧನವು ಅಕಾಲದಲ್ಲಿ ಸಿಡಿಯದಂತೆ ತಡೆಯುವ ಗುಣದ ಅಳತೆ. ಅಧಿಕ ಸಂಪೀಡನೆಯ ಎಂಜಿನ್ನೆಂಬ ಉಪಾಧಿಯಿಲ್ಲದೆ ಅದು ಫಲಿಸದು. 97.2 ಸಿ.ಸಿ.ಯ ಸ್ಪ್ಲೆಂಡರಿಗೆ ಪವರ್ ಪೆಟ್ರೋಲ್ ಕುಡಿಸಿ ಮಾನ್ವಿ ರಸ್ತೆಗಿಳಿದವನಿಗೆ ಗಾಡಿಯು ಹಾರಿದಂತೆ ಭಾಸವಾಗುವುದಾದರೆ, ಹಾರಿದ್ದು ಕಿಸೆಯ ನೋಟೆಂದು ತಿಳಿಯತಕ್ಕದ್ದು.

ಪಾಶ್ಚಾತ್ಯರಲ್ಲಿ ಟಿಬೋರ್ ಸಿಟೋವ್ಸ್ಕಿ ಎಂಬ ಅರ್ಥಶಾಸ್ತ್ರಜ್ಞನು ದರದಿಂದ ಗುಣವನ್ನು ಅಳೆಯುವ ಈ ಅಭ್ಯಾಸವನ್ನು ಕುರಿತು 1944ರಲ್ಲಿಯೇ ಪ್ರಬಂಧ ಬರೆದನು. ಸೈಲೆನ್ಸರಿನ ವಿಚಾರವನ್ನು ಅವನು ಎತ್ತಿಕೊಳ್ಳಲಿಲ್ಲವೆಂಬುದೊಂದು ಕೊರತೆ. ಹೆಚ್ಚು ಹಣ ತೆತ್ತು ಹೆಚ್ಚು ಸದ್ದು ಕೊಳ್ಳುವಲ್ಲಿ, ಗುಣವನ್ನು ಕೊಂಡವನಿಗಿಂತ ಮೊದಲು ಓಣಿಯವರೇ ಅನುಭವಿಸುತ್ತಾರೆ.

ಇಷ್ಟೆಲ್ಲ ದೃಢವಾದ ಸಿದ್ಧಾಂತವು ಒಂದೇ ಒಂದು ವಸ್ತುವಿನ ಮುಂದೆ ತಲೆಕೆಳಗಾಗುತ್ತದೆ. ಸೈಲೆನ್ಸರಿಗೆ ಸಾವಿರಗಳನ್ನು ಎಣಿಸಿಕೊಟ್ಟ ಅದೇ ತರುಣನು ರಸ್ತೆಬದಿಯಲ್ಲಿ ತಾಡಪತ್ರಿಯ ಮೇಲೆ ಒಟ್ಟಿದ ಹೆಲ್ಮೆಟ್ಟುಗಳ ಬಳಿ ನಿಂತು, ಒಳಗೆ ಪೆಟ್ಟನ್ನು ನುಂಗುವ ದಪ್ಪ ಥರ್ಮೋಕೋಲಿನ ಪದರವಿದೆಯೇ, ಬರಿಯ ಸ್ಪಂಜೇ ಎಂದು ಬೆರಳಿಟ್ಟೂ ನೋಡದೆ, “ಎಲ್ಲಾ ಒಂದೇ ಬಿಡ್ರಿ” ಎಂದು ಅತ್ಯಂತ ಅಗ್ಗದ್ದನ್ನು ಆರಿಸಿ, ಅದರಲ್ಲಿಯೂ ಐವತ್ತು ರೂಪಾಯಿ ಚೌಕಾಸಿ ಮಾಡುತ್ತಾನೆ. ಐ.ಎಸ್. 4151 ಮಾನಕಕ್ಕೊಪ್ಪಿ ಐ.ಎಸ್.ಐ. ಗುರುತು ಪಡೆಯದ ಹೆಲ್ಮೆಟ್ಟನ್ನು ಮಾರುವುದು 2021ರ ಜೂನ್ 1ರಿಂದ ನಿಷಿದ್ಧವಾಗಿದೆ.